ಬಲೆ ತೊಳೆದಿದೆ: ಹೌದು

ಎರಡನೇ ಸಲ ಎಣಿಸಿದಾಗಲೂ ಬಾಲ ಮೂರೇ ಇತ್ತು.

ಹಿನಾ ಕನ್ನಡಕ ತೆಗೆದು, ದುಪಟ್ಟಾದ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಕೆರೆಯ ಮೆಟ್ಟಿಲ ಮೇಲೆ, ಅವಳ ಮೊಣಕಾಲ ಮುಂದೆ, ಬಿಳಿ ತಟ್ಟೆಯಿತ್ತು. ತಟ್ಟೆಯಲ್ಲಿ ಒಂದಿಷ್ಟು ನೀರು, ಕಪ್ಪು ಕೆಸರು, ಎಂದಿನ ಕೆಂಪು ಹುಳುಗಳು. ಅವುಗಳ ನಡುವೆ ಅಕ್ಕಿ ಕಾಳಿಗಿಂತ ತುಸು ಉದ್ದದ, ಚಪ್ಪಟೆ ತಲೆಯ ಒಂದು ಮರಿಹುಳು. ಹೊಟ್ಟೆಯ ಎರಡೂ ಬದಿಗೆ ಅದರ ಕಿವಿರುಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು.

ಮೂರು ಬಾಲವೆಂದರೆ ಮೇ ಫ್ಲೈ ಎಂಬ ಕೀಟದ ಮರಿ. ಬೆಟ್ಟದ ತಣ್ಣನೆಯ ತೊರೆಯಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕುವಂಥದು. ಕೊಯಮತ್ತೂರಿನ ಹತ್ತಿರ, ಕರುಮತ್ತಂಪಟ್ಟಿಯಾಚೆಯ ಈ ಕರಡಿಕುಳಂ ಕೆರೆಯಲ್ಲಿ ಅದು ಸಿಕ್ಕುವುದೂ ಒಂದೇ, ಬಟ್ಟೆಗೆ ಬಣ್ಣ ಹಾಕುವ ಬಾಯ್ಲರಿನಲ್ಲಿ ಮೀನು ಸಿಕ್ಕುವುದೂ ಒಂದೇ.

ಅದು ಎಲ್ಲಿಂದ ಬಂತೆಂದು ಅವಳಿಗೆ ಮೊದಲ ಸಲ ಎಣಿಸುವಾಗಲೇ ಗೊತ್ತಾಗಿತ್ತು. ಎರಡನೇ ಸಲ ಎಣಿಸಿದ್ದು ಗೊತ್ತಿಲ್ಲವೆಂದು ತೋರಿಸಿಕೊಳ್ಳಲು. ಯಾರಿಗೆ ತೋರಿಸಿಕೊಳ್ಳಬೇಕಿತ್ತು ಎಂಬುದು ಬೇರೆ ಮಾತು. ಮೆಟ್ಟಿಲ ಮೇಲೆ ಅವಳೊಬ್ಬಳೇ ಇದ್ದಳು.

ಬಲೆ. ನಿನ್ನೆ ಇದೇ ಬಲೆ ವಾಲ್ಪಾರೈಯ ಟೀ ತೋಟದ ನಡುವಿನ ತೊರೆಯಲ್ಲಿತ್ತು. ಅವಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಗೆ ಎರಡು ಪ್ರಾಜೆಕ್ಟ್, ಬಲೆ ಒಂದೇ. ಒಂದು ಕಡೆ ಬಳಸಿದ ಬಲೆಯನ್ನು ಮೂರು ಸಲ ತೊಳೆದು, ಒಂದಿಡೀ ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಇನ್ನೊಂದು ಕಡೆ ನೀರಿಗೆ ಇಳಿಸಬೇಕು. ಈ ನಿಯಮ ಬರೆದವಳು ಹಿನಾಳೇ. ಆದರೆ ನಿನ್ನೆ ಘಾಟಿಯ ನಲವತ್ತು ತಿರುವು ಇಳಿಯುವಷ್ಟರಲ್ಲಿ ಅವಳಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಬಲೆ ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದೊಳಗೆ ಜೀಪಿನ ಹಿಂದೆ ಉಳಿಯಿತು. ತೊಳೆಯಲೇ ಎಂದು ಡ್ರೈವರ್ ಕರುಪ್ಪುಸಾಮಿ ಕೇಳಿದಾಗ "ನಾಳೆ ನೋಡೋಣ" ಎಂದಿದ್ದಳು.

"ನೋಡೋಣ" ಅವಳ ಬಾಯಿಗೆ ಹತ್ತಿಹೋದ ಮಾತು. ಚಿತ್ರದುರ್ಗದಿಂದ ಅಕ್ಕ ಫೋನ್ ಮಾಡಿ, ಮಾರ್ಚಿಗೆ ಪ್ರಾಜೆಕ್ಟ್ ಮುಗಿದ ಮೇಲೆ ಏನೇ ಮಾಡ್ತೀಯ ಎಂದು ಕೇಳಿದರೆ, ನೋಡೋಣ. ಎರಡು ವರ್ಷ ಕಾದ ಒಬ್ಬಾತ ಕೊನೆಗೆ, ಹೌದೋ ಅಲ್ಲವೋ ಹೇಳಿಬಿಡು ಎಂದಾಗ, ನೋಡೋಣ. ಅವನು ನೋಡುತ್ತ ಕೂರದೆ ಬೇರೆ ಮದುವೆಯಾದ. ಆ ದಿನ ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಹಗುರವೆನಿಸಿತ್ತು, ಮತ್ತು ಹಗುರವೆನಿಸಿತಲ್ಲ ಎಂದು ನಾಚಿಕೆಯಾಗಿತ್ತು.

ಅವಳ ಕೆಲಸ ಮೇಲುನೋಟಕ್ಕೆ ಮಕ್ಕಳಾಟ. ಬಲೆ ಹಿಡಿದು ಕೆರೆಯ ತಳ ಕೆದಕಬೇಕು, ಸಿಕ್ಕಿದ್ದನ್ನು ತಟ್ಟೆಗೆ ಸುರಿಯಬೇಕು, ಯಾವ ಯಾವ ಕುಲದ ಹುಳುಗಳಿವೆ ಎಂದು ಬರೆಯಬೇಕು. ಕುಲಕ್ಕೊಂದು ಅಂಕ. ಎಂಥ ಹೊಲಸಿನಲ್ಲೂ ಬಾಳುವವಕ್ಕೆ ಒಂದು, ಎರಡು. ಶುದ್ಧ ನೀರಲ್ಲದೆ ಉಸಿರಾಡಲಾರದವಕ್ಕೆ ಹತ್ತು. ಎಲ್ಲ ಕೂಡಿಸಿದರೆ ಕೆರೆಯ ಜಾತಕ. ಮೂರು ವರ್ಷಗಳಲ್ಲಿ ಹನ್ನೊಂದು ಸಲ ಎಣಿಸಿದಾಗಲೂ ಕರಡಿಕುಳಂ ಒಂಬತ್ತು ದಾಟಿರಲಿಲ್ಲ. ಹದಿನೈದರ ಕೆಳಗಿದ್ದರೆ "ಅತಿ ಕೆಟ್ಟದ್ದು". ಅತಿ ಕೆಟ್ಟ ಕೆರೆಗಳ ದಂಡೆಯ ಊರುಗಳಿಗೆ ವಾರಕ್ಕೆ ಮೂರು ಸಲ ಕುಡಿಯುವ ನೀರಿನ ಲಾರಿ ಬರುತ್ತದೆ. ಅಂಕ ಹದಿನೈದು ದಾಟಿದರೆ ಕೆರೆ "ಸುಧಾರಿಸುತ್ತಿದೆ". ಲಾರಿ ಬೇರೆ ಊರಿಗೆ ಹೋಗುತ್ತದೆ. ಲಾರಿ ಹಂಚುವ ಸಮಿತಿಯವರು ಪಟ್ಟಿ ಬದಲಿಸುವುದು ಹನ್ನೆರಡನೆಯ, ಅಂದರೆ ಇವತ್ತಿನ ಅಂಕ ನೋಡಿ.

ಇವತ್ತಿನ ಅಂಕ ಎಂಟು. ಮೂರು ಬಾಲದ್ದನ್ನೂ ಸೇರಿಸಿದರೆ ಹದಿನೆಂಟು.

ಚಿಮುಟ ಹಿಡಿದು ಅದನ್ನೆತ್ತಿ ನೀರಿಗೆ ಎಸೆದುಬಿಟ್ಟರೆ? ಅವಳು ಚಿಮುಟ ತೆಗೆದುಕೊಂಡಳು. ಅಷ್ಟರಲ್ಲಿ ತಟ್ಟೆಯ ಮೇಲೆ ನೆರಳು ಬಿತ್ತು.

"ಮೇಡಂ! ಇದು ಮಲೆ ಮೇಲಿನ ಪೂಚ್ಚಿಯಲ್ಲವಾ?"

ಕರುಪ್ಪುಸಾಮಿ. ಸಂಸ್ಥೆಯಲ್ಲಿ ಹತ್ತೊಂಬತ್ತು ವರ್ಷದಿಂದ ಜೀಪು ಓಡಿಸುತ್ತ, ಪಿಎಚ್.ಡಿ. ಮಾಡಲು ಬಂದು ಹೋದವರಿಗಿಂತ ಚೆನ್ನಾಗಿ ಹುಳು ಗುರುತಿಸುವಷ್ಟು ಕಲಿತಿದ್ದ. ಪೂಚ್ಚಿ ಎಂದರೆ ಹುಳು; ಅವನ ತಮಿಳು ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಅವಳ ತಮಿಳು ಅವನಿಗೆ ಅರ್ಥವಾಗುತ್ತದೆಂದು ಅವನು ಸೌಜನ್ಯಕ್ಕೆ ತೋರಿಸಿಕೊಳ್ಳುತ್ತಾನೆ. ಹೊಗೆಸೊಪ್ಪು ಉಗುಳಿ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಫೋನ್ ಹೊರಗೆ ಬಂದಿತ್ತು.

"ಕರುಪ್ಪುಸಾಮಿ ಅಣ್ಣ, ನಿನ್ನೆ ಬಲೆ..."

"ನಾಳೆ ನೋಡೋಣ ಅಂದ್ರಿ ಮೇಡಂ."

"ಹೌದು."

"ಬೆಳಿಗ್ಗೆ ನಾನು ಜೀಪಿನ ಹತ್ರ ಬರೋ ಮೊದಲೇ ನೀವು ಬಲೆ ತೆಗೆದುಕೊಂಡಿದ್ರಿ. ನೋಡಿರ್ತೀರಿ ಅಂದುಕೊಂಡೆ."

ಅವನು ಹಾಗೆ ಅಂದುಕೊಂಡಿರಲಿಲ್ಲ. ಅವಳಿಗೂ ಅದು ತಿಳಿಯಿತು. ಬಲೆ ತೊಳೆಯುವುದು ಅವನ ಕೆಲಸ, ತೊಳೆಸುವುದು ಅವಳ ಕೆಲಸ. ಆಮೇಲೆ ಅವನು ಫೋಟೋ ತೆಗೆದು ಪ್ರಾಜೆಕ್ಟಿನ ಗ್ರೂಪಿಗೆ ಕಳಿಸಿದ. ಬೇಡ ಎನ್ನಲು ಅವಳಿಗೆ ಸಮಯವಿತ್ತು. ಎಷ್ಟು ಸಮಯವಿತ್ತೆಂದರೆ, ಅವನು ಕನ್ನಡಕವಿಲ್ಲದೆ ಗ್ರೂಪಿನ ಹೆಸರು ಹುಡುಕಿ, ಎರಡು ಸಲ ತಪ್ಪು ಒತ್ತಿ, ಸರಿಮಾಡಿಕೊಂಡು ಕಳಿಸುವಷ್ಟು.

ಆರು ನಿಮಿಷಕ್ಕೆ ಮೋಹನ್‌ರಾಜ್ ಸರ್ ಫೋನ್ ಬಂತು. ಪ್ರಾಜೆಕ್ಟಿನ ಮುಖ್ಯಸ್ಥರು. ಕೆರೆಗೆ ಅವರು ಒಂದೇ ಸಲ ಬಂದಿದ್ದರು, ಮೂಗಿಗೆ ಕರವಸ್ತ್ರ ಹಿಡಿದು.

"ಹಿನಾ, ಕಂಗ್ರಾಜುಲೇಶನ್ಸ್. ರಿಕವರಿ ಆಗ್ತಿದೆ ಅಂತ ನಾನು ಹೇಳಿರಲಿಲ್ವಾ?"

"ಒಂದೇ ಒಂದು ಸಿಕ್ಕಿದೆ ಸರ್."

"ಒಂದು ಸಾಕಲ್ಲ. ಕುಲ ಇದೆಯೋ ಇಲ್ಲವೋ, ಅಷ್ಟೇ. ವಿಧಾನ ನಿನ್ನದೇ."

"ಸರ್, ಬಲೆ..."

"ಬಲೆ ಏನು?"

ಕೆರೆಯಾಚೆ ಬದಿಯ ಶೆಡ್ಡುಗಳಲ್ಲಿ ಪವರ್‌ಲೂಮುಗಳು ಕಟಕಟ ಎನ್ನುತ್ತಿದ್ದವು. ಅವಳು ಕ್ಲಿಪ್‌ಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಫಾರ್ಮಲ್ಲಿ ಏನಿದೆ?" ಮೋಹನ್‌ರಾಜ್ ಸರ್ ಧ್ವನಿ ಒಂಚೂರು ತಗ್ಗಿತು.

"ಹೌದು ಅಂತಿದೆ."

"ಮತ್ತೇನು? ಸಂಜೆಯೊಳಗೆ ಕಳಿಸು. ಎರಡನೇ ಹಂತಕ್ಕೆ ಅರ್ಜಿ ಹಾಕೋಣ. ಇನ್ನು ಮೂರು ವರ್ಷ. ನಿನ್ನ ಹೆಸರೇ ಬರೀತೀನಿ."

ಫಾರ್ಮು ಕ್ಲಿಪ್‌ಬೋರ್ಡಿನಲ್ಲಿತ್ತು. ನಾಲ್ಕನೇ ಸಾಲು: ಬಲೆ ತೊಳೆದು ಒಣಗಿಸಲಾಗಿದೆ, ಹೌದು, ಇಲ್ಲ. "ಹೌದು" ಎಂಬುದರ ಮುಂದೆ ಗುರುತು ಆಗಲೇ ಬಿದ್ದಿತ್ತು. ಮೂರು ವರ್ಷದ ಹಿಂದೆ, ಮೊದಲ ಸಲ, ನಿಜವಾಗಿಯೂ ತೊಳೆದು ಒಣಗಿಸಿ ಅವಳೇ ಹಾಕಿದ ಗುರುತು. ಆಮೇಲೆ ಪ್ರತಿಸಲ ಹೊಸದಾಗಿ ತುಂಬುವ ಬೇಸರಕ್ಕೆ, ತಾರೀಖಿನ ಮೇಲೆ ಬಿಳಿ ಬಳಿದು, ಆ ಹಾಳೆಯನ್ನೇ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದಳು. ತೊಳೆದೇ ತೊಳೆಯುತ್ತೇವಲ್ಲ ಎಂಬ ಧೈರ್ಯ. ಹನ್ನೊಂದು ಹಾಳೆಗಳಲ್ಲಿ ಅದೇ ಗುರುತು, ಅದೇ ಓರೆ, ತುದಿಯಲ್ಲಿ ಪೆನ್ನು ಜಾರಿದ ಅದೇ ಸಣ್ಣ ಬಾಲ. ಮೂರು ವರ್ಷದಿಂದ ಹೌದು ಎನ್ನುತ್ತಿದ್ದುದು ಜೆರಾಕ್ಸ್ ಯಂತ್ರ.

ಹನ್ನೊಂದರಲ್ಲಿ ಎಷ್ಟು ಸಲ ನಿಜವಾಗಿ ತೊಳೆದಿದ್ದರು? ಏಳು ಸಲ? ಎಂಟು? ನೆನಪು ಮಾಡಿಕೊಳ್ಳಹೋದರೆ ನೆನಪಾಗುವುದು ಹಾಳೆಯೇ. ಇವತ್ತು "ಇಲ್ಲ" ಎಂದು ಬರೆದರೆ ಹಿಂದಿನ ಹನ್ನೊಂದನ್ನೂ ಯಾರಾದರೂ ಎಳೆದು ನೋಡಿಯೇ ನೋಡುತ್ತಾರೆ. ಅವುಗಳ ಮೇಲೆ ಅವಳ ಡಾಕ್ಟರೇಟು ನಿಂತಿದೆ. ಅವುಗಳ ಮೇಲೆಯೇ ಲಾರಿಯೂ ನಿಂತಿದೆ ಎಂಬುದು ಆಮೇಲೆ ಹೊಳೆಯಿತು. ಸತ್ಯ ಹೇಳಿದರೂ ಲಾರಿ ಉಳಿಯುವ ಭರವಸೆಯಿಲ್ಲ. ಈ ಯೋಚನೆ ಬಂದಾಗ ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಅವಳಿಗೇ ಹೇಸಿಗೆಯಾಯಿತು.

ತಟ್ಟೆಯಲ್ಲಿ ಕಿವಿರುಗಳ ಬಡಿತ ನಿಧಾನವಾಗುತ್ತಿತ್ತು. ಕಣ್ಣು ತಾನಾಗಿ ಕೈಗಡಿಯಾರಕ್ಕೆ ಹೋಯಿತು. ಹತ್ತೂ ನಲವತ್ತು. ಇಲ್ಲಿಯ ಹುಳುವಾಗಿದ್ದರೆ ಇಲ್ಲಿಯ ನೀರಿನಲ್ಲಿ ಸಾಯುತ್ತಿರಲಿಲ್ಲ. ಅದು ಸಾಯುವುದೇ ಸಾಕ್ಷಿ. ಅವಳು ಫಾರ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ "10.40" ಎಂದು ಬರೆದಳು. ಮುಂದೆ ಏನು ಬರೆಯಬೇಕೆಂದು ಗೊತ್ತಿದ್ದರೂ ಬರೆಯಲಿಲ್ಲ.

"ಏನ್ ಕಣ್ಣೂ, ಬಿಸಿಲಾಗೆ ಕೂತ್ಬುಟ್ಟೀಯಲ್ಲ! ತಲೆ ಸುಟ್ಟೋಗ್ತದೆ."

ಬೆಳ್ಳಿಯಮ್ಮ ಚೊಂಬು ಹಿಡಿದು ಇಳಿದು ಬರುತ್ತಿದ್ದಳು. ಎಪ್ಪತ್ತರ ಹೆಂಗಸು, ಮೇಲಿನ ಸಾಲುಮನೆಯವಳು. ಗಂಡ, ಮಗ, ಈಗ ಮೊಮ್ಮಗ ಎಲ್ಲ ಮಗ್ಗದವರು. ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬಂದವರಂತೆ. ಮನೆಯೊಳಗೆ ಕನ್ನಡ ಆಡುತ್ತಾರೆ, ಅಂಗಳ ದಾಟಿದರೆ ತಮಿಳು. ಕನ್ನಡ ಓದಲು ಯಾರಿಗೂ ಬರುವುದಿಲ್ಲ. ಮೂರು ವರ್ಷದ ಹಿಂದೆ ಹಿನಾ ಫೋನಿನಲ್ಲಿ ಅಕ್ಕನೊಡನೆ ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿ, ಬೆಳ್ಳಿಯಮ್ಮ ಓಡಿಬಂದು ಕೈ ಹಿಡಿದುಕೊಂಡಿದ್ದಳು. ಅಂದಿನಿಂದ ಹಿನಾ ನಮ್ಮ ಹುಡುಗಿ. ಕೊಯಮತ್ತೂರಿನಲ್ಲಿ ನಾಲ್ಕು ವರ್ಷವಾಗಿ ಅವಳನ್ನು ನಮ್ಮವಳು ಎಂದ ಏಕೈಕ ವ್ಯಕ್ತಿ ಈ ಮುದುಕಿ. ಅದರಿಂದ ಹಿನಾಳಿಗೆ ಸಂತೋಷವಾಗುತ್ತಿತ್ತು. ಜೊತೆಗೇ, ಇವಳಿಗೆ ನಾನು ಯಾರೆಂದು ಏನು ಗೊತ್ತು ಎಂದು ಒಳಗೊಳಗೇ ಸಿಡುಕಾಗುತ್ತಿತ್ತು.

"ಕುಡಿ. ಲಾರಿ ನೀರೇ. ನೆನ್ನೆ ಹಿಡ್ದದ್ದು."

ಬ್ಯಾಗಿನಲ್ಲಿ ಸೀಲು ಒಡೆಯದ ಬಾಟಲಿಯಿತ್ತು. ಹಿನಾ ಚೊಂಬಿನಿಂದ ಕುಡಿದಳು. ನೀರು ಸಿಹಿಯಾಗಿತ್ತು.

"ತಣ್ಣಿ ಎಂಗದೆ ಕಣ್ಣೂ?"

ಕೆರೆಯ ನೀರಿನ ಬಗ್ಗೆ ಪ್ರತಿಸಲವೂ ಕೇಳುವ ಪ್ರಶ್ನೆ. "ಹಾಗೇ ಇದೆ ಅಜ್ಜಿ" ಎನ್ನುವುದು ಪ್ರತಿಸಲದ ಉತ್ತರ. "ಸರಿ ಬುಡು" ಎಂದು ಬೆಳ್ಳಿಯಮ್ಮ ಕೆರೆಯ ಕಡೆ ಒಮ್ಮೆ ನೋಡಿ, ಸೊಸೆಯ ದೂರಿಗೋ ಮೊಣಕಾಲಿನ ದೂರಿಗೋ ತೊಡಗುತ್ತಾಳೆ. ಇವತ್ತು ಹಿನಾ ಬಾಯಿ ತೆರೆಯುವ ಮೊದಲೇ ಕರುಪ್ಪುಸಾಮಿ ತಮಿಳಿನಲ್ಲಿ ಹೇಳಿಬಿಟ್ಟ.

"ಪಾಟೀ, ಮಲೆ ಮೇಲಿನ ಪೂಚ್ಚಿ ಸಿಕ್ಕಿದೆ. ಸುದ್ದವಾದ ನೀರಲ್ಲಿ ಮಾತ್ರ ಇರೋದು. ನಿಮ್ಮ ಕುಳಂ ಒಳ್ಳೇದಾಗ್ತಾ ಇದೆ."

ಅವನು ಹೇಳುವಾಗ ಹಿನಾಳ ಮುಖ ನೋಡಲಿಲ್ಲ. ಹೇಳಿ ಜೀಪಿನ ಕಡೆ ನಡೆದ.

ಬೆಳ್ಳಿಯಮ್ಮ ಚೊಂಬನ್ನು ಮೆಟ್ಟಿಲ ಮೇಲಿಟ್ಟಳು. "ನಿಜವಾ ಕಣ್ಣೂ?"

"ಒಂದು ಹುಳು ಸಿಕ್ಕಿದೆ ಅಜ್ಜಿ. ಅಷ್ಟೇ."

"ತಣ್ಣಿ ಚೆಂದಾಗಿದ್ರೆ ತಾನೆ ಅದು ಬರೋದು?"

"ಸಾಮಾನ್ಯವಾಗಿ ಹೌದು. ಆದರೆ..."

"ಆದ್ರೆ?"

ಆ ವಾಕ್ಯ ಸಿದ್ಧವಾಗಿತ್ತು. ಅಜ್ಜಿ, ಅದು ಈ ಕೆರೆಯದಲ್ಲ, ನಾನೇ ತಂದದ್ದು. ಇಷ್ಟೇ. ಈ ಊರಿನಲ್ಲಿ ಅವಳು ಅನುವಾದಿಸಿಕೊಳ್ಳದೆ ಆಡಬಹುದಾದ ಒಂದೇ ವಾಕ್ಯ, ಕೇಳಿದರೆ ಅರ್ಥವಾಗುವ ಒಂದೇ ಕಿವಿ.

"ನೋಡೋಣ" ಎಂದಳು ಹಿನಾ.

ಮುದುಕಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಕೆರೆಯ ಅಂಚಿನಲ್ಲಿ ನೊರೆ ನಿಂತಿತ್ತು, ನೊರೆಯಾಚೆ ನೀರು ಕಂದು ಬಣ್ಣಕ್ಕಿತ್ತು. ಅವಳು ಅದನ್ನು ಮನೆಗೆ ಮರಳಿದ ಮಗುವನ್ನು ನೋಡುವಂತೆ ನೋಡುತ್ತಿದ್ದಳು.

"ನಾ ಮದುವೆಯಾಗಿ ಬಂದಾಗ ದೇವಿ ಸೌಡಮ್ಮನ ಕುಂಭಕ್ಕೆ ಈ ಕುಳದ ನೀರೇ. ಬೆಳಿಗ್ಗೆ ಮಡಿಯಾಗಿ ಬಂದು, ಈ ಮೆಟ್ಲಾಗೇ ತುಂಬ್ಸಿ, ತಲೆಮೇಲೆ ಹೊತ್ಕೊಂಡು ಕೋವಿಲಿಗೆ. ಪೂಸೆ ಆದ್ಮೇಲೆ ಊರಿಗೆಲ್ಲ ಮೂರು ಮೂರು ಗುಟುಕು ತೀರ್ಥಂ. ಹಸುಗೂಸಿಗೂ ಬಾಯಾಗೆ ಬುಡೋದು. ಆಮೇಲೆ ಸಾಯ ಬಂತು. ಇರುಪತ್ತಾರು ವರುಷ ಆತು ಕಣ್ಣೂ, ಸಿರುಮುಗೈಗೆ ವ್ಯಾನ್ ಕಟ್ಕೊಂಡು ಹೋಗಿ, ಭವಾನಿ ಹೊಳ್ಯಾಗೆ ತುಂಬ್ಸಿ ತರೋದು. ಬ್ಯಾರೆ ಊರ ನೀರಾಗೆ ನಮ್ಮಮ್ಮನ್ನ ಕರೆದ್ರೆ ಅವಳಿಗೆ ಎಂಗಿರ್ತದೆ?"

"ಸಾಯ" ಎಂದರೆ ಬಣ್ಣ. ಬಟ್ಟೆಯ ಬಣ್ಣ, ಕಾರ್ಖಾನೆಗಳಿಂದ ಕೆರೆಗೆ ಹರಿದುಬಂದದ್ದು.

"ಹಬ್ಬ ಯಾವಾಗ?" ಎಂದು ಹಿನಾ ಕೇಳಿದಳು.

"ನಾಳಿಕ್ಕೇ. ವ್ಯಾನು ಹೇಳಿ ಆಗ್ಯದೆ. ಬ್ಯಾಡ ಅಂದ್ಬುಡ್ತೀನಿ. ಇರು, ರಾಮಾತಾಳ್‌ಗೆ ಹೇಳ್ಬೇಕು. ಕುಂಭ ಹೊರೋಳು ಅವಳೇ."

"ಅಜ್ಜಿ, ಪರೀಕ್ಷೆ ಇನ್ನೂ ಮುಗಿದಿಲ್ಲ."

"ಮುಗೀಲಿ, ಮುಗೀಲಿ. ನೀ ನಿನ್ನ ಕೆಲಸ ನೋಡು ಕಣ್ಣೂ."

ಮೊಣಕಾಲಿನ ನೋವು ಮರೆತವಳಂತೆ ಬೆಳ್ಳಿಯಮ್ಮ ಮೆಟ್ಟಿಲು ಹತ್ತಿ ಹೋದಳು. ಮೇಲಿನಿಂದ ಅವಳ ದನಿ ಕೇಳಿತು, ತಮಿಳಿನಲ್ಲಿ, ಯಾರನ್ನೋ ಕರೆಯುತ್ತ. ಒಂದು ಶೆಡ್ಡಿನ ಮಗ್ಗ ನಿಂತಿತು. ಇನ್ನೊಂದು ನಿಂತಿತು.

ಹಿನಾಳಿಗೆ ಈಗ ನಿಜವಾಗಿ ಭಯವಾಯಿತು. ಮೂರು ಗುಟುಕು. ಈ ನೀರಿನಲ್ಲಿ ಏನೇನಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಸೀಸ, ಕ್ರೋಮಿಯಂ, ಉಪ್ಪು ಎಷ್ಟೆಷ್ಟಿದೆ ಎಂದು ಎರಡು ದಶಮಾಂಶದವರೆಗೆ ಹೇಳಬಲ್ಲಳು. ಇಂಗ್ಲಿಷಿನಲ್ಲಿ ಮೂರು ಲೇಖನ ಬರೆದಿದ್ದಾಳೆ. ಓಡಿಹೋಗಿ ಹೇಳಬೇಕು. ಎದ್ದು ನಿಂತಳು. ನಿಂತ ಮೇಲೆ, ಮೊದಲು ಫಾರ್ಮು ಸರಿಮಾಡಬೇಕಲ್ಲ ಎನಿಸಿತು. ಆಮೇಲೆ ಸರ್‌ಗೆ ಫೋನು. ಆಮೇಲೆ ಇವರಿಗೆ. ಎಲ್ಲಕ್ಕೂ ಒಂದು ಕ್ರಮವಿದೆ. ಮತ್ತೆ ಕೂತಳು.

ಪೆನ್ನು ತೆಗೆದು ನಾಲ್ಕನೇ ಸಾಲಿನ ಹತ್ತಿರ ತಂದಳು. ಗುರುತನ್ನು ಹೊಡೆದುಹಾಕಿ "ಇಲ್ಲ" ಎಂಬುದರ ಮುಂದೆ ಗೀಟು ಎಳೆಯಬೇಕು. ಎರಡು ಗೀಟು. ಜೆರಾಕ್ಸಿನ ಮಸಿಯ ಮೇಲೆ ನೀಲಿ ಮಸಿ ಎಷ್ಟು ಎದ್ದು ಕಾಣುತ್ತದೆ ಎಂದು ಯೋಚಿಸಿದಳು. ಪೆನ್ನಿನ ತುದಿ ಹಾಳೆಗೆ ತಾಗಿ ಒಂದು ಚುಕ್ಕೆ ಬಿತ್ತು. ಎರಡರ ನಡುವೆ, ಹೌದಕ್ಕೂ ಸೇರದೆ ಇಲ್ಲಕ್ಕೂ ಸೇರದೆ.

ತಟ್ಟೆಯಲ್ಲಿ ಕಿವಿರುಗಳು ಒಮ್ಮೆ ಬಡಿದವು. ತುಂಬ ಹೊತ್ತಿನ ನಂತರ ಇನ್ನೊಮ್ಮೆ. ಆಮೇಲೆ ಬಡಿಯಲಿಲ್ಲ. ಹನ್ನೊಂದೂ ಐದು. ಕೆಂಪು ಹುಳುಗಳು ಮಾತ್ರ ಕೆಸರಿನಲ್ಲಿ ಸುಖವಾಗಿ ಹೊರಳುತ್ತಿದ್ದವು. ಅವಳು ಪೆನ್ಸಿಲ್ ಹುಡುಕಿದಳು. ಅದು ಮೆಟ್ಟಿಲು ಉರುಳಿ ಕೆಳಗೆ ನೊರೆಯಲ್ಲಿ ಬಿದ್ದಿತ್ತು.

ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದರೆ ಏಳೆಂಟು ಜನ ಹೆಂಗಸರು. ಎಲ್ಲರ ಮುಂದೆ ಬೆಳ್ಳಿಯಮ್ಮ. ಅವಳ ಹಿಂದೆ ರಾಮಾತಾಳ್, ಸೊಂಟದ ಮೇಲೆ ಹುಣಿಸೆಹುಳಿ ಹಾಕಿ ತಿಕ್ಕಿದ ಹಿತ್ತಾಳೆ ಕುಂಭ. ಅದರ ಕೊರಳಿನ ತನಕ ಕುಂಕುಮ ಇಟ್ಟೂ ಆಗಿತ್ತು.

"ಹಬ್ಬ ನಾಳೆ ಅಂದಿರಲ್ಲ" ಎಂದಳು ಹಿನಾ.

"ನಾಳಿಕ್ಕೇ. ಇವತ್ತು ಒಂದು ಕುಂಭ ಅಮ್ಮನ ಮುಂದೆ ಇಟ್ಟು ಕೇಳೋದು, ತಾಯೀ ಇದು ಒಪ್ಪಿಗೆಯಾ ಅಂತ." ಬೆಳ್ಳಿಯಮ್ಮ ಅವಳ ಪಕ್ಕದಲ್ಲಿ ಕೂತಳು. ಮೈಯಿಂದ ಹತ್ತಿಯ ಧೂಳಿನ ವಾಸನೆ ಬರುತ್ತಿತ್ತು. "ಎಲ್ಲಿ, ತೋರ್ಸು ನಿನ್ನ ಪೂಚ್ಚೀನ."

ಹಿನಾ ಬೆರಳು ತೋರಿಸಿದಳು. ಎಲ್ಲರೂ ಬಗ್ಗಿದರು. ಬಿಸಿಲು ಅಡ್ಡವಾಯಿತು.

"ಇದಾ? ಇಷ್ಟು ಸಣ್ಣದಾ?" ಎಂದಳು ರಾಮಾತಾಳ್, ತಮಿಳಿನಲ್ಲಿ.

ಬೆಳ್ಳಿಯಮ್ಮ ಕಣ್ಣು ಕಿರಿದುಮಾಡಿ ತುಂಬ ಹೊತ್ತು ನೋಡಿದಳು. "ಸುಮ್ಕೆ ಬಿದ್ಕಂಡದಲ್ಲ ಕಣ್ಣೂ. ಉಸುರು ಅದಾ?"

ಈಗ. ಹೇಳುವುದಾದರೆ ಈಗ. ಹಿನಾ ಎದ್ದು ನಿಂತು, ತಟ್ಟೆಯನ್ನು ಎರಡೂ ಕೈಗಳಿಂದ ಎತ್ತಿಕೊಂಡಳು. ಇದು ಸತ್ತಿದೆ ಎಂದು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದು ಹೇಳಿಬಿಡೋಣ ಎಂದೇ ಎತ್ತಿಕೊಂಡದ್ದು. ಕೈ ನಡುಗಿತು. ನೀರು ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯಿತು. ಮೂರು ಬಾಲಗಳು ಬಿಚ್ಚಿಕೊಂಡು, ಮೆಲ್ಲಗೆ ಎಡಕ್ಕೆ ತಿರುಗಿ, ಮೆಲ್ಲಗೆ ಬಲಕ್ಕೆ ತಿರುಗಿದವು.

"ಆಡ್ತದೆ!" ಎಂದು ಬೆಳ್ಳಿಯಮ್ಮ ಕೂಗಿದಳು. "ನೋಡ್ರೇ, ಎಂಗೆ ಈಸ್ತದೆ! ಉಸುರು ಅದೆ ಕಣ್ಣೂ, ಉಸುರು ಅದೆ!"

ಹಿಂದಿನವರು ಮುಂದೆ ನುಗ್ಗಿದರು. ಯಾರೋ ಮಗುವನ್ನು ಎತ್ತಿ ತೋರಿಸಿದರು. ನೀರು ನಿಲ್ಲತೊಡಗಿತು, ಬಾಲಗಳು ಮಡಿಸಿಕೊಳ್ಳತೊಡಗಿದವು. ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು. ಹಿನಾ ತಟ್ಟೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದಳು. ಈ ಸಲ ಕೈ ನಡುಗಿರಲಿಲ್ಲ.

"ನೀ ಬಂದದ್ದು ಊರಿಗೆ ಒಳ್ಳೇದಾತು" ಎಂದು ಬೆಳ್ಳಿಯಮ್ಮ ಅವಳ ಬೆನ್ನು ಸವರಿದಳು. ಅವಳ ಕಣ್ಣಲ್ಲಿ ನೀರಿತ್ತು.

ಹಿನಾ ಬಲಕ್ಕೆ ವಾಲಿಸಿದಳು. ಎಡಕ್ಕೆ. ಮತ್ತೆ ಬಲಕ್ಕೆ. ಕೆಂಪು ಹುಳುಗಳು ಚದುರಿ ಒಟ್ಟಾಗುತ್ತಿದ್ದವು. ನಡುವೆ ಅದು ತಲೆ ಮುಂದಾಗಿ ಹೋಗುತ್ತಿತ್ತು, ಬರುತ್ತಿತ್ತು. ಭುಜ ಸೋಲತೊಡಗಿತು.

"ಇಳ್ಸು ಕಣ್ಣೂ, ಕೈ ನೋಯ್ತದೆ."

"ಪರವಾಗಿಲ್ಲ ಅಜ್ಜಿ."

ಕೆಳಗೆ ರಾಮಾತಾಳ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೊನೆಯ ಮೆಟ್ಟಿಲಿಗೆ ಇಳಿದಳು. ಅಂಗೈಯಿಂದ ನೊರೆಯನ್ನು ಅತ್ತ ಇತ್ತ ಸರಿಸಿ, ಕುಂಭದ ಬಾಯನ್ನು ನೀರಿಗೆ ಬಗ್ಗಿಸಿದಳು. ಅದು ಗುಳುಗುಳು ಎಂದು ತುಂಬಿಕೊಳ್ಳುವ ಸದ್ದು ಮುಗಿಯುವವರೆಗೂ, ಮುಗಿದ ಮೇಲೂ, ಹಿನಾ ತಟ್ಟೆಯನ್ನು ತೂಗುತ್ತಲೇ ನಿಂತಿದ್ದಳು.